ಬಾಗಿಲು ಬಡಿಯದ ದಸ್ತಗಿರಮ್ಮ

ಮಾರ್ಕಾಪುರದ ಸ್ಲೇಟು ಕಾರ್ಖಾನೆಗಳಲ್ಲಿ ಕಲ್ಲು ಸೀಳುವವರು ಗಂಡಸರು, ನಿಂತು ಉಜ್ಜುವವರು ಗಟ್ಟಿಮುಟ್ಟಾದ ಹೆಂಗಸರು, ಕೂತು ಮರದ ಚೌಕಟ್ಟು ಕೂರಿಸುವವರು ಉಳಿದವರೆಲ್ಲ. ದಸ್ತಗಿರಮ್ಮ ಕೂತವರ ಸಾಲಿಗೆ ಸೇರಿದವಳು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿ ಹೋಗಿತ್ತು. ನಡೆಯುವಾಗ ಅಂಗೈಯನ್ನು ಎಡ ಮೊಣಕಾಲಿಗೆ ಒತ್ತಿ ಹಿಡಿದು, ಹೆಜ್ಜೆಗೊಮ್ಮೆ ಬಾಗಿ ಏಳಬೇಕು. ಆದರೆ ಕೈ ಬಹಳ ಚುರುಕು. ಇಪ್ಪತ್ತು ವರ್ಷ ಅದೇ ಮೂಲೆಯಲ್ಲಿ ಕೂತು ಅವಳು ಎಷ್ಟು ಲಕ್ಷ ಮಕ್ಕಳ ಸ್ಲೇಟಿಗೆ ಚೌಕಟ್ಟು ಹಾಕಿದಳೋ, ಅವಳೇ ಎಣಿಸಿರಲಿಲ್ಲ.

ಅವಳಿಗೆ ಮೂವತ್ತೆರಡಾಗಿದ್ದಾಗ ರಾಜರತ್ನಂ ಎಂಬ ಮೇಷ್ಟರು ಕಾರ್ಖಾನೆಗೆ ಅವಳನ್ನು ಹುಡುಕಿಕೊಂಡು ಬಂದರು. ನಿವೃತ್ತರಾದ ಮೇಲೆ ಅಂಗವಿಕಲರಿಗಾಗಿ ಒಂದು ಸಣ್ಣ ಸಂಸ್ಥೆ ಕಟ್ಟಿದ್ದರು. ಸುತ್ತಲಿನ ಒಂಬತ್ತು ಹಳ್ಳಿಗೆ ಹೋಗಿ ಅಂಥ ಮನೆಯವರ ಜೊತೆ ಮಾತಾಡುವವರು ಬೇಕಾಗಿತ್ತು.

ದಸ್ತಗಿರಮ್ಮ ಕೈಯಲ್ಲಿದ್ದ ಚೌಕಟ್ಟು ಕೆಳಗಿಟ್ಟು ನಕ್ಕಳು. "ಊರೂರು ತಿರುಗೋ ಕೆಲಸಕ್ಕೆ ಕುಂಟೀನ ಹುಡುಕ್ಕೊಂಡು ಬಂದಿದೀರಲ್ಲ ಸಾರ್, ಬಿಸಿಲಿಗೆ ತಲೆ ಏನಾದ್ರೂ ಕಾದಿದೆಯಾ?"

"ಕಾಲು ಗಟ್ಟಿ ಇರೋರನ್ನ ಇಬ್ಬರನ್ನ ಕಳಿಸಿ ನೋಡ್ದೆ ತಾಯಿ. ಮೋಟಾರ್ ಸೈಕಲ್ಲೂ ಕೊಟ್ಟಿದ್ದೆ. ಒಂದು ಮನೇಲೂ ಕೂತ್ಕೋ ಅನ್ನಲಿಲ್ಲ."

ಅವಳು ಒಪ್ಪಿದ್ದು ಜನಸೇವೆಯ ಆಸೆಯಿಂದಲ್ಲ. ಕಲ್ಲಿನ ಧೂಳಿಗೆ ರಾತ್ರಿಯೆಲ್ಲ ಕೆಮ್ಮು ಬರುತ್ತಿತ್ತು. ಅದೂ ಅಲ್ಲದೆ, ಹತ್ತು ಮೈಲಿ ಆಚೆಗಿನ ಊರನ್ನೂ ಅವಳು ಕಣ್ಣಿಂದ ಕಂಡವಳಲ್ಲ. ಹತ್ತಿ ಹಿಂಜುವ ಅಪ್ಪ ಕಾಶಿಂ ಬದುಕಿದ್ದಷ್ಟು ದಿನ ಹೆಗಲ ಮೇಲೆ ಹೊತ್ತು ದರ್ಗಾದಿಂದ ದರ್ಗಾಕ್ಕೆ ತಿರುಗಿದ್ದ, ಅಷ್ಟೇ ಅವಳು ಮಾಡಿದ ಪ್ರಯಾಣ. "ಹೋಗ್ಲಿ, ಬಸ್ಸಲ್ಲಾದ್ರೂ ಕೂರ್ತೀನಲ್ಲ," ಎಂದು ತಾಯಿಗೆ ಹೇಳಿ ಹೊರಟಳು.

ಒಂಬತ್ತು ಊರುಗಳಲ್ಲಿ ಎಂಟು ಊರಿನ ಕಥೆ ಹೇಗೋ ಸಾಗಿತು. ಒಂಬತ್ತನೆಯದು ದೊಡ್ಡಿಪಾಲೆಂ. ಬಸ್ಸು ಬಿಡುವ ಕಡೆಯಿಂದ ಒಂದೂವರೆ ಮೈಲಿ ಮೆಣಸಿನ ಹೊಲಗಳ ನಡುವೆ ನಡೆಯಬೇಕು. ಮೊದಲ ಮಂಗಳವಾರ ಅವಳು ಬೆವರು ಒರೆಸಿಕೊಳ್ಳುತ್ತ ಊರು ಹೊಕ್ಕು, ಹೆಸರು ತುಂಬಲು ಮೇಷ್ಟರು ಕೊಟ್ಟ ಖಾಲಿ ಪಟ್ಟಿಯ ಹಾಳೆ ಹಿಡಿದು, ದಾರಿಯಲ್ಲಿ ಕೇಳಿ ತಿಳಿದುಕೊಂಡು, ಬೇವಿನ ಮರದ ಎದುರಿಗಿನ ಹೆಂಚಿನ ಮನೆಯ ಬಾಗಿಲು ಬಡಿದಳು. ತಿರುಪಾಲಮ್ಮ ಎಂಬ ಹೆಂಗಸಿನ ಮನೆ ಅದು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಎರಡು ಎಮ್ಮೆ ಸಾಕಿ, ಹಾಲು ಮಾರಿ ಜೀವನ ನಡೆಸುತ್ತಿದ್ದಳು.

ತಿರುಪಾಲಮ್ಮ ಬಾಗಿಲನ್ನು ಒಂದು ಗೇಣು ತೆರೆದು ಹಾಳೆಯನ್ನು ನೋಡಿದಳು, ಆಮೇಲೆ ಕಾಲನ್ನು ನೋಡಿದಳು.

"ಯಾರ ಹೆಸರು ಬರ್ಕೊಳ್ಳೋಕೆ ಬಂದೆ?"

"ನಿಮ್ಮ ಮನೇಲಿ ಒಂದು ಹೆಣ್ಣುಮಗು..."

"ನಮ್ಮನೇಲಿ ಎರಡು ಎಮ್ಮೆ ಇದೆ. ಅವುಗಳ ಹೆಸರು ಬರ್ಕೊಂಡು ಹೋಗು." ಬಾಗಿಲು ಮುಚ್ಚಿತು.

ಬೇವಿನ ಮರದ ಕೆಳಗೆ ಒಣಮೆಣಸಿನಕಾಯಿಯ ರಾಶಿ ಹಾಕಿಕೊಂಡು ಏಳೆಂಟು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಎಲ್ಲರೂ ಕಿಸಕ್ಕನೆ ನಕ್ಕರು. ಅವರಲ್ಲಿ ಹಿರಿಯಳಾದ ಸುಬ್ಬುಲಮ್ಮ ಮಾತ್ರ ನಗಲಿಲ್ಲ. "ಬಾರೇ ಇಲ್ಲಿ, ನೆರಳಲ್ಲಿ ಕೂತ್ಕೋ. ಆ ಕಾಲು ಇಟ್ಕೊಂಡು ಹಂಗೇ ವಾಪಸ್ ಹೋದ್ರೆ ದಾರೀಲೇ ಬೀಳ್ತೀಯ. ಆಮೇಲೆ ನಿನ್ನ ಹೊತ್ಕೊಂಡು ಹೋಗೋರು ನಾವೇ," ಎಂದಳು.

ಅವಳ ಬಾಯಿಂದಲೇ ವಿಷಯ ತಿಳಿಯಿತು. ಎರಡು ವರ್ಷದ ಹಿಂದೆ ಯಾರೋ ಜೀಪಿನಲ್ಲಿ ಬಂದಿದ್ದರಂತೆ. ಕೈಕಾಲು ಇಲ್ಲದವರು, ಕಣ್ಣು ಕಾಣದವರು, ಬುದ್ಧಿ ಬೆಳೆಯದವರು ಎಲ್ಲರನ್ನೂ ಶಾಲೆಯ ಮುಂದೆ ಸಾಲಾಗಿ ಕೂರಿಸಿ ಫೋಟೋ ಹಿಡಿದರು. ಗಾಲಿ ಕುರ್ಚಿ ಬರುತ್ತೆ, ಪಿಂಚಣಿ ಬರುತ್ತೆ ಎಂದರು. ಒಂದೂ ಬರಲಿಲ್ಲ. ಬಂದದ್ದು ಹೊಸ ವರ್ಷದ ಕ್ಯಾಲೆಂಡರು. ತಿರುಪಾಲಮ್ಮ ಪಟ್ಟಣದ ಔಷಧಿ ಅಂಗಡಿಗೆ ಎಮ್ಮೆಯ ಮದ್ದು ತರಲು ಹೋದಾಗ, ಗೋಡೆಯ ಮೇಲೆ ಆಗಸ್ಟ್ ತಿಂಗಳ ನೆತ್ತಿಗೆ ತನ್ನ ಮಗಳು ಅಂಕಮ್ಮನನ್ನು ಕಂಡಳು. ಬಾಯಲ್ಲಿ ಜೊಲ್ಲು, ಲಂಗ ಮೊಣಕಾಲಿನ ಮೇಲೆ, ಮಣ್ಣಿನಲ್ಲಿ ಬಿದ್ದ ಮಗಳು. ಅಂಗಡಿಯಲ್ಲಿ ನಿಂತವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಮದ್ದು ತೆಗೆದುಕೊಳ್ಳದೆಯೇ ಅವಳು ಮನೆಗೆ ಬಂದಿದ್ದಳು. ಅಂದಿನಿಂದ ಅಂಕಮ್ಮ ಬೀದಿ ಕಂಡಿರಲಿಲ್ಲ.

ಆ ವಾರವೆಲ್ಲ ದಸ್ತಗಿರಮ್ಮನಿಗೆ ಅದೇ ಯೋಚನೆ. ಔಷಧಿ ಅಂಗಡಿಗೆ ಹೋಗಿ ಕೇಳಿದಳು. ಕ್ಯಾಲೆಂಡರು ಹಳೆಯದಾಗಿತ್ತು. ಅಂಗಡಿಯವನು ಅದರ ಹಾಳೆ ಹರಿದು ಗುಳಿಗೆ ಕಟ್ಟಲು ಇಟ್ಟುಕೊಂಡಿದ್ದ. ಏಪ್ರಿಲ್‌ವರೆಗೆ ಮುಗಿದಿತ್ತು. ಆಗಸ್ಟ್ ಉಳಿದಿತ್ತು. ಕಾಡಿ ಬೇಡಿ ಆ ಹಾಳೆಯನ್ನು ಇಸಿದುಕೊಂಡಳು.

ಎರಡನೇ ಮಂಗಳವಾರ ಅದನ್ನು ಮಡಿಸಿ ತಿರುಪಾಲಮ್ಮನ ಕೈಗಿತ್ತಳು. ತಿರುಪಾಲಮ್ಮ ಬಿಡಿಸಿ ನೋಡಿ, ಒಳಗೆ ಹೋಗಿ ಒಲೆಗೆ ಹಾಕಿದಳು. ಹಾಳೆ ಹೊತ್ತಿ ಬೂದಿಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಬಾಗಿಲಿಗೆ ಬಂದಳು.

"ಒಂದು ತಂದುಕೊಟ್ಟೆ. ಇಂಥವು ಇನ್ನೆಷ್ಟು ಗೋಡೆ ಮೇಲೆ ಇವೆಯೋ?"

"ಗೊತ್ತಿಲ್ಲ ಅಕ್ಕ," ಎಂದಳು ದಸ್ತಗಿರಮ್ಮ. ಬಾಗಿಲು ಮತ್ತೆ ಮುಚ್ಚಿತು.

ಆ ಮೇಲೆ ಅವಳು ಆ ಬಾಗಿಲನ್ನು ಬಡಿಯಲಿಲ್ಲ. ಪಟ್ಟಿಯ ಹಾಳೆಯನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ. ಪ್ರತಿ ಮಂಗಳವಾರ ಬಂದು ಬೇವಿನ ಮರದ ಕೆಳಗೆ ಕೂತು ಹೆಂಗಸರ ಜೊತೆ ಮೆಣಸಿನ ತೊಟ್ಟು ಬಿಡಿಸುತ್ತಿದ್ದಳು. ಸ್ಲೇಟಿನ ಕೆಲಸದಲ್ಲಿ ಪಳಗಿದ ಬೆರಳುಗಳಲ್ಲವೇ, ಎರಡನೇ ವಾರಕ್ಕೇ ಎಲ್ಲರನ್ನೂ ಹಿಂದೆ ಹಾಕಿದಳು. ಅವಳು ಬಿಡಿಸಿದ ರಾಶಿ ಯಾರ ಲೆಕ್ಕಕ್ಕೆ ಸೇರಬೇಕೆಂದು ಹೆಂಗಸರಲ್ಲಿ ಜಗಳವೇ ಆಗುತ್ತಿತ್ತು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಸೊಪ್ಪಿನ ಚಟ್ನಿ ಅವಳ ಮುಂದೂ ಬಂದು ಬೀಳುತ್ತಿತ್ತು.

ತಿಂಗಳ ಕೊನೆಗೆ ರಾಜರತ್ನಂ ಮೇಷ್ಟರು ಹಾಳೆಗಳನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. "ದೊಡ್ಡಿಪಾಲೆಂ ಹಾಳೆ ಖಾಲಿ ಇದೆಯಲ್ಲಮ್ಮ! ನಾಲ್ಕು ಸಲ ಹೋಗಿ ಬಂದಿದೀಯ. ದುಡ್ಡು ಕೊಡೋ ಮೇಲಿನವರಿಗೆ ನಾನೇನು ಕಳಿಸ್ಲಿ? ಹೆಸರುಗಳೆಲ್ಲಿ?"

"ಹೆಸರು ಅವರ ಹತ್ರ ಭದ್ರವಾಗಿವೆ ಸಾರ್. ಅವರು ಕೊಟ್ಟ ದಿನ ಬರ್ಕೊಳ್ತೀನಿ."

"ಕೊಡದೇ ಇದ್ರೆ?"

"ಕೊಡದೇ ಇದ್ರೆ ಅವು ನಮ್ಮವಲ್ಲ."

ಮೇಷ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು. ಕಡೆಗೆ ಖಾಲಿ ಹಾಳೆಯನ್ನೇ ಕಡತಕ್ಕೆ ಸೇರಿಸಿದರು. ಅವರನ್ನೂ ಮೆಚ್ಚಬೇಕಾದದ್ದೇ.

ಐದನೆಯದೋ ಆರನೆಯದೋ ಮಂಗಳವಾರ ಸುಬ್ಬುಲಮ್ಮ ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. "ಅಲ್ಲ ಕಣೇ, ಆ ಕಾಲಿಗೆ ನಿಮ್ಮಪ್ಪ ಏನೂ ಮಾಡಿಸಲೇ ಇಲ್ವಾ?"

"ಮಾಡಿಸದೇ ಏನು ಅವ್ವ! ತಾಯಿತ ಕಟ್ಟಿಸಿದ, ಕೋಳಿ ಕೊಯ್ಸಿದ. ಒಂದು ಸಲ ಗ್ರಹಣದ ದಿನ ಗುಂಡ್ಲಕಮ್ಮ ಹೊಳೆ ಮರಳಲ್ಲಿ ನನ್ನ ಸೊಂಟದವರೆಗೂ ಹೂತಿಟ್ಟ. ಹಂಗೆ ಮಾಡಿದ್ರೆ ಸತ್ತ ಕಾಲು ಎದ್ದು ಬರುತ್ತಂತೆ. ಹೂತಿಟ್ಟು ತಾನು ಬೀಡಿ ಸೇದೋಕೆ ಹೋದ. ಮರಳೊಳಗೆ ಕೆಂಪಿರುವೆ ಗೂಡು! ನಾನು ಊರಿಗೆಲ್ಲ ಕೇಳೋ ಹಂಗೆ ಬಾಯಿ ಬಡ್ಕೊಂಡೆ. ದಡದಲ್ಲಿದ್ದ ಜನ ಎಲ್ಲ 'ಕಾಲು ಬಂತು! ಕಾಲು ಬಂತು!' ಅಂತ ಕೈ ಮುಗಿದ್ರು. ನಾನು ಇರುವೆ ಅಂತೀನಿ, ಅವರು ದೇವರು ಅಂತಾರೆ. ಕಿತ್ತು ತೆಗೀರೋ ಅಂದ್ರೆ ಇನ್ನಷ್ಟು ಮರಳು ಹಾಕ್ತಾರೆ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಇಳಿಯುತ್ತಿದ್ದಂತೆ ಎದುರಿಗಿನ ಮುಚ್ಚಿದ ಬಾಗಿಲ ಹಿಂದಿನಿಂದ ಇನ್ನೊಂದು ನಗು ಬಂತು. ದೊಡ್ಡ ನಗು, ತಡೆತಡೆದು ಬಂದ ನಗು, ಗಂಟಲಲ್ಲಿ ಸಿಕ್ಕಿ ಮತ್ತೆ ಹೊರಟ ನಗು. ಮರದ ಕೆಳಗೆ ಎಲ್ಲರೂ ಗಪ್‌ಚಿಪ್ಪಾದರು. ಆ ಹುಡುಗಿಗೆ ಮಾತು ತಿಳಿಯುತ್ತದೆ ಎಂದು ಅವರು ಯಾರೂ ಎಣಿಸಿರಲಿಲ್ಲ.

ದಸ್ತಗಿರಮ್ಮ ಬಾಗಿಲಿನ ಕಡೆ ತಿರುಗಲಿಲ್ಲ. ಒಂದು ಮೆಣಸಿನಕಾಯಿ ಎತ್ತಿಕೊಂಡು, ದನಿಯನ್ನು ಮಾತ್ರ ಸ್ವಲ್ಪ ಏರಿಸಿ, "ಇನ್ನೂ ಕೇಳಿ, ಮನೆಗೆ ಬಂದ ಮೇಲೆ ಏನಾಯ್ತು ಅಂದ್ರೆ..." ಎಂದು ಮುಂದುವರಿಸಿದಳು.

ಅಲ್ಲಿಂದ ಪ್ರತಿ ಮಂಗಳವಾರ ಒಂದು ಹೊಸ ಕಥೆ ತಯಾರು ಮಾಡಿಕೊಂಡೇ ಬಸ್ಸು ಹತ್ತುತ್ತಿದ್ದಳು. ಅರ್ಧ ನಿಜ, ಅರ್ಧ ಹೆಣೆದದ್ದು. ಮೂರು ವಾರ ಕಳೆದ ಮೇಲೆ ತಿರುಪಾಲಮ್ಮ ಹಾಲಿನ ಪಾತ್ರೆ ಹಿಡಿದು ಹೊರಟವಳು ಮರದ ಬಳಿ ನಿಂತಳು. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದಳು: "ಮಂಗಳವಾರ ಬಂತಂದ್ರೆ ಬಾಗಿಲ ಕಡೇನೇ ಕಣ್ಣು ಅವಳಿಗೆ. ಇಲ್ಲಿಂದ ಹೇಳಿದ್ರೆ ಗಾಳಿಗೆ ಅರ್ಧ ಮಾತು ಹೋಗುತ್ತೆ. ಒಳಗೆ ಬಂದು ಹೇಳ್ಹೋಗು."

ಒಳಗೆ ಕೌದಿಯ ಮೇಲೆ ಅಂಕಮ್ಮ ಮಲಗಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ಮೈ ಎಂಟು ವರ್ಷದವಳಷ್ಟು. ಕೈಕಾಲು ಬಿಗಿದು ಎದೆಯ ಕಡೆ ಮಡಚಿಕೊಂಡಿದ್ದವು. ಎಣ್ಣೆ ಹಚ್ಚಿ ಬಾಚಿದ ಜಡೆ, ತುದಿಗೆ ಕೆಂಪು ರಿಬ್ಬನ್ನು, ಮೈಯಲ್ಲಿ ಒಗೆದ ಲಂಗ. ಯಾರೂ ನೋಡದ ಮಗಳನ್ನು ತಾಯಿ ದಿನವೂ ಹೀಗೆ ಸಿಂಗರಿಸುತ್ತಿದ್ದಳು.

ದಸ್ತಗಿರಮ್ಮ ತಾಯಿಯನ್ನು ಏನೂ ಕೇಳದೆ ಹುಡುಗಿಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. "ಇರುವೆ ಕಥೆಗೆ ನಕ್ಕೋಳು ನೀನೇನೇ? ನನ್ನ ಕಷ್ಟ ಕೇಳಿ ನಗ್ತೀಯಲ್ಲ, ನಾಚಿಕೆ ಆಗಲ್ವಾ?"

ಅಂಕಮ್ಮನ ಕಣ್ಣು ಮೇಲಕ್ಕೆ ಹೋಯಿತು, ಬಾಯಿ ಅಗಲವಾಯಿತು.

"ಕಣ್ಣು ಮೇಲೆ ಎತ್ತಿದ್ರೆ ಹೂಂ ಅಂತ," ಎಂದಳು ತಿರುಪಾಲಮ್ಮ. ಅವಳ ದನಿ ಆ ದಿನ ಮೊದಲ ಬಾರಿಗೆ ಮೆತ್ತಗಾಗಿತ್ತು. "ಕೆಳಗೆ ಹಾಕಿದ್ರೆ ಊಹೂಂ. ನಾವಿಬ್ಬರೇ ಕಂಡ್ಕೊಂಡದ್ದು. ಇವಳನ್ನೂ ಅದೇ ಹೊಳೇಲಿ ಹೂತಿದ್ವಿ ಕಣೇ, ಅವರಪ್ಪ ಇದ್ದಾಗ. ಇವಳಿಗೆ ಕಿರುಚೋಕೂ ಆಗಲಿಲ್ಲ."

ಆ ಮನೆಯ ಬಾಗಿಲು ತೆರೆದ ಮೇಲೆ ಉಳಿದ ಬಾಗಿಲುಗಳು ತಾವಾಗಿಯೇ ತೆರೆದವು. ಹಾಳೆಯ ಮೇಲೆ ಹನ್ನೊಂದು ಹೆಸರು ಕೂತವು. ಪಟ್ಟಣದಲ್ಲಿ ಪ್ರಮಾಣಪತ್ರ ಕೊಡುವ ಶಿಬಿರ ನಡೆಯುವುದಿತ್ತು. ಆ ಪತ್ರವಿಲ್ಲದೆ ಪಿಂಚಣಿಯಿಲ್ಲ. ದಸ್ತಗಿರಮ್ಮ ಹುರುಪಿನಲ್ಲಿದ್ದಳು. "ಮಧ್ಯಾಹ್ನದೊಳಗೆ ಎಲ್ಲರಿಗೂ ಆಗುತ್ತೆ, ನಾನಿದೀನಿ," ಎಂದು ಮನೆಮನೆಗೂ ಮಾತು ಕೊಟ್ಟಳು. ಅಂಕಮ್ಮನನ್ನು ಕರೆತರಲು ತಿರುಪಾಲಮ್ಮ ಎರಡು ದಿನ ಯೋಚಿಸಿ ಒಪ್ಪಿದಳು. ಹನ್ನೊಂದು ಜನ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಹಾಸಿಕೊಂಡು ಹೊರಟರು.

ಅಲ್ಲಿ ನೂರಾರು ಜನ. ನೆರಳಿಲ್ಲ, ನೀರಿನ ತೊಟ್ಟಿ ಖಾಲಿ, ವೈದ್ಯರು ಕೂತದ್ದು ಮಹಡಿಯ ಮೇಲೆ. ಮೆಟ್ಟಿಲ ಕಂಬಿ ಹಿಡಿದು ಹತ್ತಬಲ್ಲ ನಾಲ್ವರ ಕೆಲಸ ಆಯಿತು. ಅಂಕಮ್ಮನನ್ನು ಹೊತ್ತು ತಾಯಿ ಅರ್ಧ ಮೆಟ್ಟಿಲು ಏರಿದ್ದಳು, ಮೇಲಿನಿಂದ ಒಬ್ಬ ಗುಮಾಸ್ತ ಬಗ್ಗಿ, "ಹೊತ್ತಾಯ್ತು, ಡಾಕ್ಟರು ಹೊರಟರು. ಮುಂದಿನ ಶಿಬಿರಕ್ಕೆ ಬನ್ನಿ," ಎಂದ. ದಸ್ತಗಿರಮ್ಮ ಕಂಬಿ ಹಿಡಿದು ಮೇಲೆ ಹತ್ತಿ ಬೇಡಿಕೊಂಡಳು, ಜಗಳವಾಡಿದಳು, ಕೂಗಿದಳು. ಡಾಕ್ಟರ ಜೀಪು ಹೊರಟೇಹೋಯಿತು.

ವಾಪಸಾಗುವಾಗ ಟ್ರ್ಯಾಕ್ಟರಿನಲ್ಲಿ ಬಿಸಿಲಿಗೆ ಅಂಕಮ್ಮನ ತುಟಿ ಒಡೆದಿತ್ತು. ತಿರುಪಾಲಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವಳು ಮಗಳ ಮುಖದ ಮೇಲೆ ಸೆರಗು ಹಿಡಿದುಕೊಂಡು ಹೊಲಗಳನ್ನು ನೋಡುತ್ತ ಕೂತಿದ್ದಳು.

ಮರುದಿನ ಮಂಗಳವಾರವಲ್ಲ. ಆದರೂ ದಸ್ತಗಿರಮ್ಮ ಮೊದಲ ಬಸ್ಸಿಗೇ ಹೊರಟಳು. ತಾಯಿ ತಡೆದಳು: "ನಾಲ್ಕು ದಿನ ಬಿಟ್ಟು ಹೋಗೇ. ಅವರ ಸಿಟ್ಟು ಇಳೀಲಿ."

"ಇಳಿದ ಮೇಲೆ ಹೋದ್ರೆ ಏನು ಹೋದ ಹಂಗಾಯ್ತಮ್ಮ?"

ಕೆಲಸ ಆದ ನಾಲ್ಕು ಮನೆಯೂ ಸೇರಿ ಹನ್ನೊಂದು ಮನೆಗೂ ಹೋದಳು. ವೈದ್ಯರ ಮೇಲೆ, ಗುಮಾಸ್ತನ ಮೇಲೆ ಹೇಳಬಹುದಿತ್ತು, ಹೇಳಲಿಲ್ಲ. "ನನ್ನ ಕೈಯಲ್ಲಿಲ್ಲದ್ದನ್ನ ಆಗುತ್ತೆ ಅಂದೆ. ತಪ್ಪು ನನ್ನದು," ಎಂದಳು, ಪ್ರತಿ ಮನೆಯಲ್ಲೂ ಅದೇ ಮಾತು. ಕೆಲವರು ಬೈದರು. ಒಬ್ಬ ಮುದುಕ ಕೋಲು ನೆಲಕ್ಕೆ ಕುಟ್ಟಿ ಎದ್ದು ಹೋದ. ತಿರುಪಾಲಮ್ಮನ ಮನೆಗೆ ಬರುವಷ್ಟರಲ್ಲಿ ನೆತ್ತಿಗೆ ಬಿಸಿಲು ಏರಿತ್ತು.

ತಿರುಪಾಲಮ್ಮ ಹಿಂದಿನ ದಿನ ನುಂಗಿಕೊಂಡದ್ದನ್ನೆಲ್ಲ ಈಗ ಕಾರಿದಳು. "ನಾನಿದೀನಿ ಅಂದ್ಯಲ್ಲ, ಎಲ್ಲಿದ್ದೆ? ಆ ಮೆಟ್ಟಿಲ ಮೇಲೆ ಎಲ್ಲರೂ ನನ್ನ ಮಗಳನ್ನ ಹೆಂಗೆ ನೋಡ್ತಿದ್ರು ಕಂಡ್ಯಾ? ನೀನೂ ಆ ಜೀಪಿನೋರೂ ಒಂದೇ ನನಗೆ!" ಎಮ್ಮೆ ಕೂಡ ಮೇವು ಬಿಟ್ಟು ನೋಡುವಂತೆ ಕೂಗಿದಳು. ದಸ್ತಗಿರಮ್ಮ ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡಳು. ಗೋಡೆಗೆ ಒರಗಬೇಕೆನಿಸಿತು, ಒರಗಲಿಲ್ಲ.

ಬೇವಿನ ಮರದಿಂದ ಸುಬ್ಬುಲಮ್ಮ ಎದ್ದು ಬಂದಳು. "ಸಾಕು ನಿಲ್ಲಿಸೇ ತಿರುಪಾಲೂ. ಜೀಪಿನೋರು ಅಂತೀಯಲ್ಲ, ಆ ಜೀಪಿನೋರು ಬೈಸ್ಕೊಳ್ಳೋಕೆ ವಾಪಸ್ ಬಂದಿದ್ರಾ? ಆಗದೇ ಹೋದ ಮೇಲೂ ಈ ಊರಿಗೆ ಬಂದೋಳು ಇವಳೊಬ್ಬಳೇ."

ತಿರುಪಾಲಮ್ಮ ಉಸಿರು ಬಿಟ್ಟಳು. ಒಳಗೆ ಹೋದಳು. ಬಾಗಿಲು ಈಗ ಮುಚ್ಚುತ್ತದೆ ಎಂದುಕೊಂಡು ದಸ್ತಗಿರಮ್ಮ ಕಾದಳು. ತಿರುಪಾಲಮ್ಮ ಒಂದು ಚೊಂಬು ಮಜ್ಜಿಗೆ ತಂದು ಹೊಸ್ತಿಲ ಮೇಲಿಟ್ಟಳು. "ಕುಡಿ. ಉಪ್ಪು ಹಾಕಿಲ್ಲ. ಹಾಕೋಷ್ಟು ಮನಸ್ಸು ಇನ್ನೂ ಬಂದಿಲ್ಲ."

ಅವತ್ತು ದಸ್ತಗಿರಮ್ಮ ಒಂದು ತೀರ್ಮಾನ ಮಾಡಿದಳು. ಬೇರೆಯವರ ಕೈಯಲ್ಲಿರುವುದರ ಬಗ್ಗೆ ಮಾತು ಕೊಡುವುದಿಲ್ಲ. ತನ್ನ ಕೈಯಲ್ಲಿ ಏನಿದೆಯೋ ಅದನ್ನು ಮಾಡುವುದು. ಮಜ್ಜಿಗೆ ಕುಡಿದು ಹಾಗೇ ನಿಂತು ಅಂಕಮ್ಮನನ್ನು ನೋಡಿದಳು. ಮಲಗಿದ ಹುಡುಗಿಗೆ ಕಾಣುವುದು ಹೆಂಚು ಮತ್ತು ಜಂತಿ ಮಾತ್ರ. ಪಕ್ಕಕ್ಕೆ ವಾಲದಂತೆ ಎರಡು ಕಡೆ ಆಸರೆ ಕೊಟ್ಟು ಕೂರಿಸುವ ಪೀಠವನ್ನು ಮೇಷ್ಟರು ತರಬೇತಿಯಲ್ಲಿ ಚಿತ್ರ ಬರೆದು ತೋರಿಸಿದ್ದರು.

ಚೌಕಟ್ಟಿನ ಮರ ಕೊಯ್ಯುವ ಬಡಗಿ ಬ್ರಹ್ಮಯ್ಯ ಅವಳ ಹಳೆಯ ಕಾರ್ಖಾನೆಯವನು. ಅವನನ್ನು ಎಳೆದುಕೊಂಡು ಬಂದಳು. ಅಂಕಮ್ಮನ ಬೆನ್ನು, ಸೊಂಟ, ತೊಡೆ ಎಲ್ಲವನ್ನೂ ಹಗ್ಗದಿಂದ ಅಳೆದರು. "ಸ್ಲೇಟಿಗೆ ನಾಲ್ಕೇ ಮೂಲೆ. ಇದಕ್ಕೆಷ್ಟು ಮೂಲೆಯೋ ಮಾರಾಯ್ತಿ," ಎಂದು ಗೊಣಗುತ್ತ ಬ್ರಹ್ಮಯ್ಯ ಮೂರು ಸಲ ಮಾಡಿ ಮೂರು ಸಲ ಬಿಚ್ಚಿದ. ಮೊದಲನೆಯದರಲ್ಲಿ ಕುತ್ತಿಗೆ ಜೋತುಬಿತ್ತು, ಎರಡನೆಯದು ತೊಡೆಗೆ ಒತ್ತಿತು. ಪ್ರತಿ ಸಲವೂ ದಸ್ತಗಿರಮ್ಮ ಅಂಕಮ್ಮನನ್ನೇ ಕೇಳುತ್ತಿದ್ದಳು: "ನೋಯುತ್ತಾ? ಇಲ್ಲಾ? ಇಲ್ಲಿ?" ಕಣ್ಣು ಮೇಲೆ, ಕಣ್ಣು ಕೆಳಗೆ. ಆಮೇಲಾಮೇಲೆ ಬ್ರಹ್ಮಯ್ಯನೂ ಅವಳನ್ನೇ ಕೇಳತೊಡಗಿದ.

ನಾಲ್ಕನೆಯದು ಕೂತಿತು. ಹಳೆಯ ಸೀರೆ ಸುತ್ತಿ ಮೆತ್ತಗೆ ಮಾಡಿ ಅಂಕಮ್ಮನನ್ನು ಅದರಲ್ಲಿಟ್ಟು, ತಿರುಪಾಲಮ್ಮ ಪೀಠವನ್ನು ಸರಿಸುತ್ತ ಸರಿಸುತ್ತ ಬಾಗಿಲವರೆಗೆ ತಂದಳು. ಹೊಸ್ತಿಲ ಬಳಿ ನಿಂತು ಮಗಳನ್ನು ನೋಡಿದಳು. ಅಂಕಮ್ಮನ ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಪೀಠ ಹೊಸ್ತಿಲು ದಾಟಿತು.

ಬೇವಿನ ಮರದ ಕೆಳಗಿನವರು ಕೈಕೆಲಸ ಬಿಟ್ಟು ನೋಡಿದರು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಸುಬ್ಬುಲಮ್ಮ ಗದರಿದಳು: "ಬರೀ ಕೂತ್ಕೊಂಡು ನೋಡೋಕಾ ಬಂದೆ ಮಹಾರಾಣಿ? ಮೆಣಸಿನಕಾಯಿ ಕಾಯ್ಕೊಂಡಿರು. ಕೋಳಿ ಬಂದ್ರೆ ಕೂಗು." ಅಂಕಮ್ಮ ಕೂಗಿದಳು. ಕೋಳಿ ಇರಲಿಲ್ಲ, ಕೂಗಲು ಒಬ್ಬರು ಹೇಳಿದರಲ್ಲ ಎಂಬ ಖುಷಿಗೆ ಕೂಗಿದಳು. ಆಮೇಲೆ ಅದು ಅವಳ ಕೆಲಸವೇ ಆಯಿತು. ಆ ದನಿಗೆ ಊರಿನ ಕೋಳಿಗಳು ನಿಜವಾಗಿಯೂ ಹೆದರಿದವು.

ಎರಡು ವರ್ಷದೊಳಗೆ ಹನ್ನೊಂದೂ ಜನ ಸೇರಿ ಒಂದು ಸಂಘ ಮಾಡಿಕೊಂಡರು. ದೊಡ್ಡಿಪಾಲೆಂನವರೇ ಅಧಿಕಾರಿಗಳ ಬಳಿ ಹೋಗಿ ಕೂತು, ವೈದ್ಯರನ್ನು ತಮ್ಮ ಊರಿನ ಶಾಲೆಗೇ ಬರುವಂತೆ ಮಾಡಿದರು. ಶಾಲೆಗೆ ಮಹಡಿ ಇರಲಿಲ್ಲ. ಮುಂದೆ ನಿಂತು ವಾದಿಸಿದವಳು ತಿರುಪಾಲಮ್ಮ. ದಸ್ತಗಿರಮ್ಮ ಹಿಂದಿನ ಬೆಂಚಿನಲ್ಲಿ ಕೂತು ಅವಳ ಗಂಟಲಿನ ಶಕ್ತಿಗೆ ತಲೆದೂಗಿದ್ದಳು.

ಒಂದು ಮಳೆಗಾಲದಲ್ಲಿ ದಸ್ತಗಿರಮ್ಮ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದಳು. ಗಟ್ಟಿ ಇದ್ದ ಬಲಗಾಲೇ ಮುರಿಯಿತು. ಮೂರು ತಿಂಗಳು ಹಾಸಿಗೆ. ಗೋಡೆ ನೋಡುತ್ತ ಮಲಗಿ, ಇನ್ನು ತನ್ನ ತಿರುಗಾಟ ಮುಗಿಯಿತು ಎಂದುಕೊಂಡು ಅತ್ತಳು. ನಾಲ್ಕನೇ ದಿನ ಮನೆಯ ಮುಂದೆ ಟ್ರ್ಯಾಕ್ಟರು ನಿಂತಿತು. ದೊಡ್ಡಿಪಾಲೆಂನ ಹೆಂಗಸರು ಇಳಿದರು. ಸುಬ್ಬುಲಮ್ಮನನ್ನು ಇಬ್ಬರು ಹಿಡಿದು ಇಳಿಸಿದರು, ಅಂಕಮ್ಮನನ್ನು ಪೀಠದ ಸಮೇತ ಇಳಿಸಿ ಹಾಸಿಗೆಯ ಪಕ್ಕಕ್ಕೆ ತಂದಿಟ್ಟರು. ಬಲಗಾಲಿನ ಬಿಳಿ ಕಟ್ಟನ್ನು ನೋಡಿ ಅಂಕಮ್ಮ ಬಿದ್ದು ಬಿದ್ದು ನಕ್ಕಳು.

"ನಗ್ತಾಳೆ ನೋಡಿ, ಪಾಪಿ," ಎಂದು ಅಳುತ್ತಲೇ ದಸ್ತಗಿರಮ್ಮನೂ ನಕ್ಕಳು.

ತಿರುಪಾಲಮ್ಮ ಅಡುಗೆಮನೆಗೆ ಹೋಗಿ ಸಾರಿಗೆ ಇಟ್ಟು ಬಂದು ಕೇಳಿದಳು: "ಈ ವಾರ ಎಲ್ಲಿಗೆ ಹೋಗ್ಬೇಕಿತ್ತು ನೀನು?"

"ಕೊತ್ತಪಲ್ಲಿ ಹತ್ರ. ಅಲ್ಲೊಂದು ಮನೇಲಿ ಕೂಸು ಹುಟ್ಟಿದೆ, ಕುತ್ತಿಗೆ ನಿಲ್ತಿಲ್ವಂತೆ. ತಾಯಿ ಯಾರಿಗೂ ತೋರಿಸ್ತಿಲ್ಲ."

"ನಾನು ಹೋಗ್ತೀನಿ. ಎಮ್ಮೆ ಸುಬ್ಬುಲಮ್ಮನ ಸೊಸೆ ನೋಡ್ಕೊಳ್ತಾಳೆ." ಹಾಸಿಗೆಯ ಪಕ್ಕ ಕೂತು, "ಅಲ್ಲಿ ಹೋಗಿ ಮೊದಲು ಏನು ಹೇಳ್ಲಿ?" ಎಂದಳು.

"ಏನೂ ಹೇಳ್ಬೇಡ ಅಕ್ಕ. ಅವರು ಏನು ಕೆಲಸ ಮಾಡ್ತಿದಾರೋ ನೋಡಿ ಜೊತೆಗೆ ಕೂತ್ಕೋ."

ತಿರುಪಾಲಮ್ಮ ಮಾರನೇ ದಿನ ಹೋದಳು. ಸಂಜೆ ದಸ್ತಗಿರಮ್ಮನ ಮನೆಗೆ ವಾಪಸಾದಾಗ ಕೈಗಳು ಮೊಣಕೈವರೆಗೂ ಸಗಣಿ. ಆ ಮನೆಯವರು ಅಂಗಳದಲ್ಲಿ ಬೆರಣಿ ತಟ್ಟುತ್ತಿದ್ದರಂತೆ. ಕೂಸನ್ನು ಇನ್ನೂ ನೋಡಿರಲಿಲ್ಲ. ಕೂಸಿನ ಅಜ್ಜಿಯ ಜೊತೆ ಇಬ್ಬರ ಸೊಂಟನೋವಿನ ಬಗ್ಗೆ ಮಾತಾಡಿ ಬಂದಿದ್ದಳು. ಕೈ ತೊಳೆದುಕೊಂಡು ಹಾಸಿಗೆಯ ತುದಿಯಲ್ಲಿ ಕೂತು, ಬೆರಣಿ ಎಷ್ಟು ದಪ್ಪ ತಟ್ಟುತ್ತಾರೆ ಆ ಊರಿನವರು, ಹೇಗೆ ಒಣಗಬೇಕು ಅದು, ಎಂದು ಊಟದ ಹೊತ್ತಿನವರೆಗೂ ಹೇಳುತ್ತಲೇ ಇದ್ದಳು.